ಸೇತುವೆಗೆ ಹಿಮ ಹಾಸುವವನು

ತಡವಾಯ್ತು ಅಂತ ಬೈಬೇಡಿ. ಚರ್ಚಿನಿಂದ ನಮ್ಮನೆಗೆ ಕಾಲು ಗಂಟೆ ದಾರಿ... ಅದು ಹ್ಯಾಪ್‌ಗುಡ್ ಸೇತುವೆ ದಾಟಿ ಬಂದ್ರೆ. ನಾನು ಕತ್ತಲಾದ ಮೇಲೆ ಆ ಸೇತುವೆಯೊಳಕ್ಕೆ ಕಾಲಿಡೋಳಲ್ಲ. ಗಿರಣಿ ರಸ್ತೆ ಸುತ್ತಿಕೊಂಡು ಬರ್ತೀನಿ, ಮುಕ್ಕಾಲು ಗಂಟೆ. ಮಂಡಿ ಹಿಡಿದ್ರೂ ಅಷ್ಟೇ, ಗಾಳಿ ಕೊರೆದ್ರೂ ಅಷ್ಟೇ. ಹತ್ತೊಂಬತ್ತು ವರ್ಷದಿಂದ ಹೀಗೇ.

ನಗಿ, ನಗಿ. ಕರೆಂಟು ಬರೋವರೆಗೂ ನಿಮಗೆ ಬೇರೇನು ಕೆಲಸ ಇದೆ? ಒಲೆಗೆ ಇನ್ನೊಂದು ಕೊರಡು ಹಾಕಿ, ಹೇಳ್ತೀನಿ. ಪೂರ್ತಿ ನಾನು ಕಂಡದ್ದಲ್ಲ, ಮೊದಲೇ ಹೇಳಿಬಿಡ್ತೀನಿ. ಪಕ್ಕದ ಮನೆ ಕೋರಿನ್‌ಗೆ ಆದದ್ದು. ಆದರೆ ಕೊನೇ ಭಾಗ ನನ್ನ ಎದುರಿಗೇ ನಡೀತು. ಅದನ್ನ ಮಾತ್ರ ಯಾರೂ ನನ್ನ ಹತ್ತಿರ ಅಲ್ಲಗಳೆಯೋ ಹಾಗಿಲ್ಲ.

ಕೋರಿನ್ ಅಪ್ಪ ಹಾಲಿಸ್ ಟಟಲ್. ಬಡಗಿ. ನಮ್ಮ ವರ್ಮಾಂಟ್ ಕಡೆ ಹಳೇ ಸೇತುವೆಗೆಲ್ಲ ಸೂರು ಇರುತ್ತಲ್ಲ, ಎರಡೂ ಕಡೆ ಹಲಗೆ ಗೋಡೆ, ಹೊಳೆ ಮೇಲೆ ಒಂದು ಉದ್ದನೆ ಕೊಟ್ಟಿಗೆ ತಂದಿಟ್ಟ ಹಾಗೆ... ಈ ಸುತ್ತಿನಲ್ಲಿ ಅಂಥವು ಆರು. ಆರರಲ್ಲಿ ನಾಲ್ಕನ್ನ ರಿಪೇರಿ ಮಾಡಿದವನು ಹಾಲಿಸ್. ಕಬ್ಬಿಣದ ಮೊಳೆ ಮುಟ್ಟಿದವನಲ್ಲ. ಓಕ್ ಮರದ ಗೂಟ ತಾನೇ ಕೆತ್ತಿ ಹೊಡೀತಿದ್ದ. ಅಷ್ಟೇ ಜಂಭ.

ತೊಂಬತ್ತೆಂಟರಲ್ಲಿ ಅವನಿಗೆ ಎಪ್ಪತ್ತೊಂಬತ್ತು. ಹೆಂಡತಿ ಎಡ್ನಾ ಹೋಗಿ ಎರಡು ವರ್ಷ. ಕೋರಿನ್ ಅಪ್ಪನ ಜೊತೆಗೇ ಇದ್ದಳು, ಊರಿನ ಅಂಚೆ ಕಚೇರಿ ಕಿಟಕಿ ಕೆಲಸ ನೋಡ್ಕೊಂಡು. ಅಪ್ಪ ಮಗಳು ಇಬ್ಬರದ್ದೂ ಒಂದೇ ಹಟ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಆ ಮನೇಲಿ ದಿನಾ ಅದೇ. ಮತ್ತೆ ಆ ವರ್ಷ ಜಗಳಕ್ಕೆ ಒಂದೇ ವಿಷಯ. ಕಾರಿನ ಕೀಲಿಕೈ.

ಸೆಪ್ಟೆಂಬರ್‌ನಲ್ಲಿ ಮುದುಕ ನಮ್ಮ ಟಪಾಲು ಪೆಟ್ಟಿಗೆ ಕಂಬಕ್ಕೆ ಗುದ್ದಿದ. ಹೋಗಲಿ, ಹಳೇ ಕಂಬ. ಅಕ್ಟೋಬರ್‌ನಲ್ಲಿ ಗಿರಣಿ ತಿರುವಿನಲ್ಲಿ ಹಳದಿ ಗೆರೆ ದಾಟಿ ಸ್ಕೂಲ್ ಬಸ್ಸಿಗೆ ಎದುರಾಗಿ ಹೋದ. ಡ್ರೈವರ್ ಹಾರ್ನ್ ಹೊಡೆದು, ಬಸ್ಸು ಚರಂಡಿಗೆ ಇಳಿಸಿ ಉಳಿಸ್ದ. ಒಳಗೆ ಹನ್ನೊಂದು ಮಕ್ಕಳು. ಆ ಹನ್ನೊಂದು ಮಕ್ಕಳ ಅಮ್ಮಂದಿರೂ ಮಾರನೇ ದಿನ ಅಂಚೆ ಕಿಟಕಿಗೆ ಬಂದು ನಿಂತ್ರು. ಕೋರಿನ್ ಅವತ್ತಿಂದ ಸರಿಯಾಗಿ ನಿದ್ದೆ ಮಾಡ್ಲಿಲ್ಲ.

"ಬಿಸಿಲು ಕಣ್ಣಿಗೆ ಹೊಡೀತು" ಅಂದ ಹಾಲಿಸ್.

"ಅವತ್ತು ಮೋಡ ಇತ್ತು ಅಪ್ಪಾ" ಅಂದಳು ಕೋರಿನ್.

ಅವನ ಕಷ್ಟವೂ ನೋಡಿ. ಗುಡ್ಡದ ಮೇಲಿನ ಮನೆ. ಕಾರಿಲ್ಲ ಅಂದ್ರೆ ಅಂಗಡಿ ಇಲ್ಲ, ಅಲ್ಲಿನ ಕಾಫಿ ಇಲ್ಲ, ಹರಟೆ ಇಲ್ಲ, ಎಡ್ನಾ ಸಮಾಧಿಗೆ ಹೋಗೋಕೂ ಇನ್ನೊಬ್ಬರ ಕೈ ಕಾಯ್ಬೇಕು. ಆ ಮುದುಕನ ಕೀಲಿಕೈ ಕಿತ್ಕೊಂಡ್ರೆ ಕಾಲು ಕಿತ್ಕೊಂಡ ಹಾಗೆ. ಕೊನೆಗೆ ಅವನೇ ಒಂದು ಪಂದ್ಯ ಕಟ್ಟಿದ.

"ಒಂದು ದಿನ ನನ್ನ ಪಕ್ಕ ಕೂತ್ಕೋ. ಆರೂ ಸೇತುವೆ ನೋಡ್ಕೊಂಡು ಬರೋಣ. ಬೆಳಗ್ಗೆಯಿಂದ ಸಂಜೆವರೆಗೆ ನಾನೇ ಓಡಿಸ್ತೀನಿ. ಒಂದೇ ಒಂದು ತಪ್ಪು ಮಾಡಿದ್ರೆ ಕೀಲಿಕೈ ನಿನ್ನದು."

"ಮಾಡದಿದ್ರೆ?"

"ಮಾಡದಿದ್ರೆ, ನಾನು ಸಾಯೋವರೆಗೂ ಈ ಮಾತು ಎತ್ತಕೂಡದು."

"ನನ್ನ ಸಾಯಿಸೋವರೆಗೂ ಅನ್ನು" ಅಂದಳು. ಆದರೆ ಒಪ್ಪಿದಳು.

ಸೇತುವೆ ಸುತ್ತೋದು ಹಾಲಿಸ್ ಎಡ್ನಾ ಪ್ರತಿ ವರ್ಷ ಮಾಡ್ತಿದ್ದದ್ದೇ. ಅಕ್ಟೋಬರ್‌ನಲ್ಲಿ ಬಣ್ಣದ ಎಲೆ ನೋಡೋಕೆ ಬಸ್ಸುಗಟ್ಟಲೆ ಬರ್ತಾರಲ್ಲ, ಸೇತುವೆ ಬಾಯಲ್ಲಿ ನಿಂತು ಹಲ್ಲು ಕಿರಿದು ಫೋಟೋ ತೆಗೆಸ್ಕೊಳ್ತಾರಲ್ಲ, ಅವರೆಲ್ಲ ತೊಲಗಲಿ ಅಂತ ಕಾದಿದ್ದು, ನವೆಂಬರ್ ಕೊನೇಲಿ ಹೊರಡೋರು. ಆಗ ಒಂದು ನರಪಿಳ್ಳೆ ಇರಲ್ಲ. ಎಲೆ ಉದುರಿ ಬರೀ ಕಡ್ಡಿ. ಹಿಮ ಇನ್ನೂ ಬಿದ್ದಿರಲ್ಲ. ಐಸ್‌ಕ್ರೀಂ ಅಂಗಡಿಗೆ ಹಲಗೆ ಹೊಡೆದು "ಮೇ ತಿಂಗಳಿಗೆ ಸಿಗೋಣ" ಅಂತ ಬೋರ್ಡು. ಕಾಡೊಳಗೆ ಎಲ್ಲೋ ಜಿಂಕೆ ಬೇಟೆಯವರ ಕೋವಿ... ಢಂ. ಆಮೇಲೆ ಮತ್ತೆ ಏನಿಲ್ಲ.

ಆ ವರ್ಷ ಅಂತೂ ಒಂದು ಚೂರು ಹಿಮ ಇಲ್ಲ. ಗುಡ್ಡದ ತಲೆ ಮೇಲೂ ಇಲ್ಲ. ನೆನಪಿಟ್ಕೊಳ್ಳಿ.

ಹೊರಟ್ರು. ಬೇಟೆಗಾರರು ಜಿಂಕೆ ಅಂದ್ಕೊಂಡು ಗುಂಡು ಹಾರಿಸದಿರಲಿ ಅಂತ ಇಬ್ಬರ ತಲೆ ಮೇಲೂ ಕಿತ್ತಳೆ ಟೋಪಿ. ಕೋರಿನ್ ಪಕ್ಕದ ಸೀಟಿನಲ್ಲಿ ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಾಳೆ. ತಿರುವು ಬಂದಾಗೆಲ್ಲ ಅವಳ ಬಲಗಾಲು ತಾನಾಗೇ ಕೆಳಗೆ ಒತ್ತುತ್ತೆ.

"ಅಲ್ಲಿ ಬ್ರೇಕ್ ಇಲ್ಲ ಮಗಳೇ" ಅಂದ ಹಾಲಿಸ್, ರಸ್ತೆಯಿಂದ ಕಣ್ಣು ತೆಗೀದೆ.

"ಕಾಲು ಜೋಮು ಹಿಡೀತು."

"ಹೌದೌದು. ಸರಿಯಾಗಿ ತಿರುವಿನಲ್ಲೇ ಹಿಡಿಯುತ್ತೆ."

ಮೊದಲನೇ ಸೇತುವೆ ದಾಟಿದ್ರು. ದಡ ದಡ ದಡ ದಡ... ಚಕ್ರದ ಕೆಳಗೆ ಹಲಗೆ ಸದ್ದು. ಎರಡನೇದೂ ದಾಟಿದ್ರು. ಒಂದೊಂದರಲ್ಲೂ ಹಾಲಿಸ್ ಆ ಕಡೆ ಕಾರು ನಿಲ್ಲಿಸಿ, ಇಳಿದು, ಒಳಗೆ ನಡೆದು, ಕಂಬಕ್ಕೆ ಅಂಗೈ ಒತ್ತಿ ನಿಲ್ಲೋನು. ಕೋರಿನ್‌ಗೆ ಒಂದು ಕಡೆ ನಿಲ್ಲೋಕಾಗ್ತಿಲ್ಲ. ಗಾಳಿ ಬೇರೆ. ಕೋಟು ಬಿಚ್ಚೋದು, ಹಾಕೋದು, ಗಡಿಯಾರ ನೋಡೋದು. ಅಪ್ಪನ ಮುಖ ನೋಡಿದ್ರೆ ಅಳು ಬರುತ್ತೆ, ಆಮೇಲೆ ಬಸ್ಸಿನ ಮಕ್ಕಳು ನೆನಪಾಗ್ತಾರೆ.

ಮೂರನೇ ಸೇತುವೆ ಕಟ್ಟೆ ಮೇಲೆ ಕೂತು ಡೋನಟ್ ತಿಂದು ಫ್ಲಾಸ್ಕಿನ ಕಾಫಿ ಕುಡಿದ್ರು. ಅಲ್ಲಿ ಹಾಲಿಸ್ ಹಳೇ ಮಾತು ತೆಗೆದ.

"ನಾನು ಚಿಕ್ಕವನಿದ್ದಾಗ ಚಳಿಗಾಲದಲ್ಲಿ ಈ ಸೇತುವೆಗಳೊಳಗೆ ಹಿಮ ಹಾಸ್ತಿದ್ರು, ಗೊತ್ತಾ?"

"ಹಿಮ ಬಾಚ್ತಿದ್ರು ಅನ್ನು."

"ಬಾಚೋದಲ್ಲ, ಹಾಸೋದು! ಆಗ ಎಲ್ಲಿತ್ತು ಕಾರು? ಚಕ್ರ ಇಲ್ಲದ ಜಾರುಬಂಡಿ, ಎರಡು ಕುದುರೆ. ರಸ್ತೆ ತುಂಬ ಹಿಮ, ಬಂಡಿ ಬೆಣ್ಣೆ ಹಾಗೆ ಜಾರುತ್ತೆ. ಸೇತುವೆಗೆ ಸೂರಿದೆ, ಒಳಗೆ ಬರೀ ಹಲಗೆ. ಬಂಡಿ ಕಚ್ಕೊಂಡು ನಿಲ್ಲೋದು. ಅದಕ್ಕೇ ಊರವರು ಸಂಬಳ ಕೊಟ್ಟು ಒಬ್ಬನ್ನ ಇಟ್ಟಿದ್ರು. ಹೊರಗಿನ ಹಿಮ ಸಲಿಕೇಲಿ ತಂದು ಒಳಗೆ ಹಾಸೋದೇ ಅವನ ಕೆಲಸ. ಹ್ಯಾಪ್‌ಗುಡ್ ಸೇತುವೆಗೆ ಏಸ ಸ್ಟೈಲ್ಸ್ ಅಂತ ಇದ್ದ. ಅವನು ಹಾಸ್ತಿರುವಾಗ ಬಂಡಿ ನುಗ್ಗಿಸಿದ್ರೆ ನಮ್ಮಪ್ಪ ಕಪಾಳಕ್ಕೆ ಬಿಡೋನು. ಹೊರಗೆ ನಿಲ್ಲಬೇಕು. ಅವನು ಮುಗಿಸಿ ಗೋಡೆಗೆ ಒರಗಿದ ಮೇಲೆ ಮೆಲ್ಲಗೆ ದಾಟಬೇಕು. ಅದು ಮರ್ಯಾದೆ."

"ಸತ್ತು ಎಷ್ಟು ವರ್ಷ ಆಯ್ತು ಅವನು?"

"ನಾನು ಎಂಟನೇ ಕ್ಲಾಸಲ್ಲಿದ್ದೆ. ಸೇತುವೆಯೊಳಗೇ ಹೋದ, ಸಲಿಕೆ ಕೈಯಲ್ಲಿ ಹಿಡ್ಕೊಂಡೇ. ಗೋಡೆಗೆ ಒರಗಿ ನಿಂತಿದ್ದ ಅಂತ ನಮ್ಮೂರಿನ ಎರಡು ಬಂಡಿಯವರು ಅವನಿಗೆ ಟೋಪಿ ಎತ್ತಿ ದಾಟಿ ಹೋಗಿದ್ರು. ಸತ್ತದ್ದು ಯಾರಿಗೂ ತಿಳೀಲಿಲ್ಲ." ಹಾಲಿಸ್ ಕಾಫಿ ತಳ ಚೆಲ್ಲಿದ. "ನಡಿ. ಇನ್ನೂ ಮೂರಿದೆ. ಇಲ್ಲಿವರೆಗೆ ತಪ್ಪೆಷ್ಟು?"

ಕೋರಿನ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಒಂದೂ ಇರಲಿಲ್ಲ.

ನಾಲ್ಕು. ಐದು. ಐದನೇದರ ಹತ್ತಿರ ಮರದ ದಿಮ್ಮಿ ಹೊತ್ತ ಲಾರಿ ಎದುರಾಯ್ತು, ಒಂದೇ ಗಾಡಿ ಹಿಡಿಯೋ ದಾರಿ. ಮುದುಕ ಕತ್ತು ತಿರುಗಿಸಿ, ನೂರು ಗಜ ಹಿಂದಕ್ಕೆ, ಗೆರೆ ಎಳೆದ ಹಾಗೆ ಕಾರು ತಗೊಂಡು ಹೋಗಿ ಪಕ್ಕಕ್ಕೆ ಹಾಕಿದ. ಲಾರಿಯವನು ಹೆಬ್ಬೆರಳೆತ್ತಿ ತೋರಿಸಿ ಹೋದ. ಹಾಲಿಸ್ ಶಿಳ್ಳೆ ಹಾಕೋಕೆ ಶುರು ಮಾಡಿದ. ಎಡ್ನಾ ಹೋದ ಮೇಲೆ ಅವನ ಶಿಳ್ಳೆ ಅವಳು ಕೇಳಿದ್ದು ಅದೇ ಮೊದಲು.

"ಅಪ್ಪ ಒಂದು ತಪ್ಪು ಮಾಡ್ಲಿ, ಚಿಕ್ಕದಾದ್ರೂ ಸಾಕು ಅಂತ ದೇವರ ಹತ್ತಿರ ಬೇಡ್ಕೊಂಡೆ ಏವಿಸ್" ಅಂದಳು ನನ್ನ ಹತ್ತಿರ, ಆಮೇಲೆ. "ಶಿಳ್ಳೆ ಕೇಳ್ತಾ ಬೇಡ್ಕೊಂಡೆ."

ಹ್ಯಾಪ್‌ಗುಡ್ ಸೇತುವೆಗೆ ಬಂದಾಗ ನಾಲ್ಕೂವರೆ. ನವೆಂಬರ್‌ನಲ್ಲಿ ನಾಲ್ಕೂವರೆ ಅಂದ್ರೆ ಗೊತ್ತಲ್ಲ... ಕತ್ತಲು. ಇದೊಂದು ದಾಟಿದ್ರೆ ಮನೆ ಅರ್ಧ ಮೈಲಿ. ಪಂದ್ಯ ಮುಗೀತು. ಹಾಲಿಸ್ ದೀಪ ಹಾಕಿದ. ನಿಧಾನ ಮಾಡಿದ. ಸೇತುವೆ ಬಾಯಿಗೆ ಇಪ್ಪತ್ತು ಅಡಿ ಇರುವಾಗ... ನಿಲ್ಲಿಸಿಬಿಟ್ಟ.

ಶಿಳ್ಳೆ ನಿಂತಿತ್ತು.

"ಏನಾಯ್ತಪ್ಪಾ?"

"ಯಾರೋ ಕೆಲಸ ಮಾಡ್ತಿದಾರೆ" ಅಂದ. "ಮುಗಿಸ್ಲಿ."

ಕೋರಿನ್ ಗಾಜಿನ ಮೂಲಕ ನೋಡಿದಳು.

ಒಳಗೆ ಒಬ್ಬ ನಿಂತಿದ್ದ. ಬೆನ್ನು ಇವರ ಕಡೆ. ಮಂಡಿ ದಾಟೋ ಉದ್ದನೆ ಕೋಟು. ಬಗ್ಗಿದ. ಎದ್ದ. ಕೈ ಬೀಸಿದ. ಸದ್ದು ಕಾರಿನ ಗಾಜು ದಾಟಿ ಬರ್ತಿತ್ತು... ಕರ್ರ್‌ರ್... ಆಮೇಲೆ ಮೆತ್ತಗೆ, ಧಪ್. ಕರ್ರ್‌ರ್... ಧಪ್.

ಊರಿನ ರಸ್ತೆ ಕೆಲಸದವರು ಯಾರೋ, ಮರಳು ಹಾಕ್ತಿದಾರೆ ಅಂದ್ಕೊಂಡಳು ಅವಳು. ಆಮೇಲೆ ದೀಪದ ಬೆಳಕಿನಲ್ಲಿ ಸಲಿಕೆಯಿಂದ ಬೀಳ್ತಿದ್ದದ್ದು ಕಾಣ್ತು. ಬಿಳೀದು. ಬಿದ್ದ ಕಡೆ ಪುಡಿ ಎದ್ದು ಹೊಳೀತಿತ್ತು. ಹಿಮ. ರಸ್ತೆ ಒಣಗಿ ಬಿರಿದಿದೆ, ಎರಡೂ ಪಕ್ಕ ಒಣ ಎಲೆ ಸರಸರ ಅಂತಿದೆ, ಸೇತುವೆಯೊಳಗೆ ಹಿಮ.

ಇನ್ನೊಂದು ನೋಡಿದಳು. ಕಾರಿನ ದೀಪ ಅವನ ಬೆನ್ನಿಗೆ ನೇರವಾಗಿ ಬೀಳ್ತಿದೆ. ಆಚೆ ಗೋಡೆ ಮೇಲೆ ಕಂಬದ ನೆರಳಿದೆ, ತೊಲೆಯ ನೆರಳಿದೆ. ಅವನದಿಲ್ಲ.

ಹಾಲಿಸ್ ಪಿಸುಗುಟ್ಟಿದ. "ಕೋರಿ..."

"ಹ್ಞೂಂ."

"ಹಿಮ ಹಾಸ್ತಿದಾನೆ."

ಅವಳ ಕಣ್ಣು ಸಲಿಕೆ ಮೇಲೇ ಇತ್ತು.

"ನಿಂಗೂ ಕಾಣ್ತಿದೆ ತಾನೆ?"

ಇಲ್ಲಿ ಕೇಳಿ. ನಾಲಿಗೆಗೆ ಎಲುಬಿಲ್ಲ ಅಂತಾರೆ. ಬೆಳಗ್ಗೆಯಿಂದ ಒಂದು ತಪ್ಪಿಗೆ ಕಾದು ಕೂತವಳು. ಇನ್ನು ಎರಡು ನಿಮಿಷಕ್ಕೆ ಸೋತು ಹೋಗ್ತಾಳೆ. ನಾಳೆಯಿಂದ ಮತ್ತೆ ಆ ತಿರುವು, ಆ ಬಸ್ಸು. ಕೈಗೆ ಕೋಲು ಸಿಕ್ತು. "ನಾನು ಯೋಚ್ನೆ ಮಾಡಿ ಹೇಳಿದ್ದಲ್ಲ ಏವಿಸ್, ನಾನು ಹೇಳೋ ಮೊದಲೇ ಬಾಯಿ ಹೇಳಿಬಿಡ್ತು" ಅಂತ ಅವಳು ಎಷ್ಟು ಸಲ ಅಂದಿದಾಳೋ.

"ಯಾರು?" ಅಂದಳು. "ಅಲ್ಲಿ ಯಾರೂ ಇಲ್ವಲ್ಲಪ್ಪಾ."

ಹಾಲಿಸ್ ತಿರುಗಿ ಅವಳ ಮುಖ ನೋಡಿದ. ಮತ್ತೆ ಸೇತುವೆ ನೋಡಿದ. ಕರ್ರ್‌ರ್... ಧಪ್.

"ಇಲ್ವಾ?"

"ಇಲ್ಲ."

ಅವನು ಎಂಜಿನ್ ಆರಿಸಿದ. ಬಿಸಿ ಎಂಜಿನ್ ತಣ್ಣಗಾಗೋ ಸದ್ದು... ಟಿಕ್... ಟಿಕ್... ಅದರ ಮಧ್ಯೆ ಸಲಿಕೆ. ಅವನು ಕಿಟಕಿ ಗಾಜು ಸ್ವಲ್ಪ ಇಳಿಸಿ ಕಿವಿ ಕೊಟ್ಟ.

"ಸದ್ದೂ ಕೇಳಿಸ್ತಿಲ್ವಾ ನಿಂಗೆ?"

"ಹೊಳೆ ಸದ್ದು. ಇನ್ನೇನಿಲ್ಲ."

ಅವನು ಗಾಜು ಮತ್ತೆ ಏರಿಸಿದ. ಆಮೇಲೆ ಹಾಲಿಸ್ ಕೀಲಿಕೈ ಎಳೆದು ತೆಗೆದು, ಮಗಳ ಅಂಗೈ ಬಿಡಿಸಿ, ಅದರಲ್ಲಿಟ್ಟು, ಬೆರಳು ಮಡಚಿದ. ಬೈಲಿಲ್ಲ. ವಾದ ಮಾಡ್ಲಿಲ್ಲ. ನಲವತ್ನಾಲ್ಕು ವರ್ಷದಲ್ಲಿ ಅಪ್ಪ ವಾದ ಮಾಡದೆ ಸೋತದ್ದು ಅವಳು ನೋಡಿರಲಿಲ್ಲ.

"ಕೆಟ್ಟಿರೋದು ಕಣ್ಣು ಅಂದ್ಕೊಂಡಿದ್ದೆ" ಅಂದ. "ಕಣ್ಣಲ್ಲ. ತಲೆ."

ಇಬ್ಬರೂ ಇಳಿದು ಜಾಗ ಬದಲಾಯಿಸಿದ್ರು. ಅವಳು ಕಾರಿನ ಹಿಂದಿನಿಂದ ಸುತ್ತಿ ಬಂದಳು, ಮುಂದಿನಿಂದ ಬರೋ ಧೈರ್ಯ ಇರಲಿಲ್ಲ. ಸ್ಟಿಯರಿಂಗ್ ಹಿಡಿದು ಕೂತಾಗ ಅವಳಿಗೆ ಹೊಳೀತು... ಈಗ ಇದನ್ನ ದಾಟಿಸ್ಬೇಕಾದವಳು ತಾನು. ಅಲ್ಲಿ ಯಾರೂ ಇಲ್ಲ ಅಂದವಳು. ನಿಲ್ಲಿಸೋ ಹಾಗಿಲ್ಲ, ಹಾರ್ನ್ ಹೊಡೆಯೋ ಹಾಗಿಲ್ಲ, ಹಿಂದೆ ತಿರುಗಿಸೋ ಹಾಗಿಲ್ಲ. ಅವನು ಇನ್ನೂ ದಾರಿ ನಡುವೆ ಇದಾನೆ. ಬಗ್ತಾನೆ, ಏಳ್ತಾನೆ.

ಹಾಲಿಸ್ ಸೀಟಿಗೆ ಒರಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

ಅವಳು ಕಾರು ಬಿಟ್ಟಳು. ಕಾರು ಎರಡು ಸಲ ಮುಗ್ಗರಿಸ್ತು. ಮುಂದಿನ ಚಕ್ರ ಸೇತುವೆಗೆ ಹತ್ತಿತು.

ದಡ ದಡ ಇಲ್ಲ.

ಹಲಗೆ ಮಾತೇ ಆಡ್ಲಿಲ್ಲ. ಚಕ್ರದ ಕೆಳಗೆ ಕುರ್ರ್... ಕುರ್ರ್... ಅಂತ, ಹೊಸ ಹಿಮ ಒತ್ತೋ ಸದ್ದು. ಜನವರಿಯಲ್ಲಿ ದಿನಾ ಕೇಳ್ತೀವಲ್ಲ, ಅದೇ.

ದಾರಿ ನಡುವಿದ್ದವನು ಸಲಿಕೆ ನಿಲ್ಲಿಸಿದ. ಇವರ ಕಡೆ ನೋಡ್ಲಿಲ್ಲ. ಹಾಗೇ ಪಕ್ಕಕ್ಕೆ ಹೆಜ್ಜೆ ಇಟ್ಟು ಎಡಗಡೆ, ಅವಳು ಕೂತ ಕಡೆಯ ಗೋಡೆಗೆ ಬೆನ್ನು ಒತ್ತಿ ನಿಂತ, ಸಲಿಕೆ ಎದೆಗೆ ನೆಟ್ಟಗೆ ಹಿಡ್ಕೊಂಡು. ದಾರಿ ಬಿಟ್ಟ. ಕಾರು ಇಷ್ಟಿಷ್ಟೇ ಅವನ ಪಕ್ಕ ಬಂತು. ಅವಳ ಕಿಟಕಿಗೂ ಅವನಿಗೂ ಒಂದು ಗೇಣು. ನೋಡಬಾರದು ಅಂತ ಅವಳು ಎದುರಿಗೇ ನೋಡ್ತಿದ್ದಾಳೆ. ಆದರೂ ಕಣ್ಣ ಕೊನೇಲಿ ಕಾಣುತ್ತೆ. ಅವನು ಬಗ್ಗಿದ. ಕಿಟಕಿಯೊಳಗೆ ಇಣುಕಿದ. ಅವಳನ್ನ ನೋಡ್ಲಿಲ್ಲ. ಅವಳನ್ನ ದಾಟಿ, ಆಚೆ ಕೂತ ಹಾಲಿಸ್‌ನ ನೋಡಿದ. ನೋಡಿ... ಟೋಪಿ ಎತ್ತಿದ.

ಗುರುತು ಸಿಕ್ಕವರಿಗೆ ಎತ್ತೋ ಹಾಗೆ. ಕಣ್ಣು ಮುಚ್ಚಿದ್ದ ಹಾಲಿಸ್‌ಗೆ ಕಾಣ್ಲಿಲ್ಲ.

"ಮೆಲ್ಲಗೆ" ಅಂದ ಆತ. ಪಿಸುಮಾತು. ಗಾಜು ಮುಚ್ಚಿತ್ತು, ಆದರೂ ಕಿವಿ ಪಕ್ಕದಲ್ಲೇ.

"ಏನಂದೆ?" ಅಂದ ಹಾಲಿಸ್, ಕಣ್ಣು ಬಿಡದೆ.

"ಏನಿಲ್ಲಪ್ಪಾ. ನಾನೇನೂ ಅನ್ಲಿಲ್ಲ."

"ಸರಿ" ಅಂದ ಅವನು. ಅಷ್ಟೇ. ಆಚೆ ಬಂದ ಮೇಲೆ ರಸ್ತೆ ಒಣಗಿತ್ತು.

ಅವತ್ತಿಂದ ಹಾಲಿಸ್ ಬೇರೆ ಮನುಷ್ಯ ಆದ. ತಾನೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗು ಅಂದ. ಬೇಟೆ ಕೋವಿ, ಗರಗಸ ಎಲ್ಲ ತಂದು ನಮ್ಮನೆ ಕೊಟ್ಟಿಗೇಲಿ ಇಡಿಸಿದ. "ಇಲ್ಲದ್ದು ಕಾಣೋನ ಕೈಲಿ ಇವೆಲ್ಲ ಇರಬಾರದು ಏವಿಸ್" ಅಂದ. ನನಗೇನು ಗೊತ್ತು ಆಗ? ಮುದುಕನಿಗೆ ಬುದ್ಧಿ ಬಂತು, ಕೋರಿನ್ ಗೆದ್ದಳು ಅಂತ ನಾನೇ ಕೇಕ್ ಮಾಡಿ ಕೊಟ್ಟೆ. ನನ್ನ ಬಾಯಿಗೆ ಮಣ್ಣು ಹಾಕ.

ಅದಕ್ಕಿಂತ ಕೆಟ್ಟದ್ದು ಕೇಳಿ. ಅವನು ಪ್ರತಿಯೊಂದಕ್ಕೂ ಅವಳನ್ನ ಕೇಳೋಕೆ ಶುರು ಮಾಡಿದ. ಕಿಟಕಿ ಹೊರಗೆ ಕಾಳು ತಿನ್ನೋಕೆ ಹಕ್ಕಿ ಬಂದ್ರೆ, "ಕೋರಿ, ಅಲ್ಲಿ ಹಕ್ಕಿ ಇದೆಯಾ?" ಇದೆ ಅಪ್ಪಾ. "ಬಾಗಿಲ ಹತ್ತಿರ ನಿಂತಿರೋದು ಏವಿಸ್ ತಾನೆ? ನಿಂಗೂ ಕಾಣ್ತಾಳಾ?" ಕಾಣ್ತಾಳಪ್ಪಾ. ನಾನು ಬಾಗಿಲಲ್ಲಿ ಪಾತ್ರೆ ಹಿಡ್ಕೊಂಡು ನಿಂತಿದ್ದೀನಿ, ಮುದುಕ ನನ್ನ ನಂಬೋಕೆ ಮಗಳ ಅಪ್ಪಣೆ ಕೇಳ್ತಿದಾನೆ. ಅವಳು ಪ್ರತಿ ಸಲ ಇದೆ ಅಪ್ಪಾ ಅಂದಾಗಲೂ ಅವಳ ಮುಖ ಸುಟ್ಟ ಹಾಗಾಗೋದು. ನಾನು ಅಂದ್ಕೊಂಡೆ ಪಾಪ, ಆಯಾಸ ಅಂತ.

ಕ್ರಿಸ್‌ಮಸ್ ರಾತ್ರಿ ಅವಳಿಗೆ ತಡೆಯೋಕಾಗ್ಲಿಲ್ಲ. ಅಪ್ಪನ ಕಾಲ ಹತ್ತಿರ ಕೂತು ಹೇಳೇಬಿಟ್ಟಳು.

"ಅಪ್ಪಾ, ನಂಗೂ ಕಂಡ ಅವನು. ಸೇತುವೆಯೊಳಗೆ. ಸಲಿಕೆ ಸದ್ದೂ ಕೇಳಿಸ್ತು. ಕೀಲಿಕೈಗೋಸ್ಕರ ಸುಳ್ಳು ಹೇಳಿದೆ. ನಿನ್ನ ತಲೆ ಸರಿಯಾಗಿದೆ ಅಪ್ಪಾ."

ಹಾಲಿಸ್ ಅವಳ ತಲೆ ಸವರಿದನಂತೆ. ನಕ್ಕನಂತೆ.

"ನಿಮ್ಮಮ್ಮನೂ ಹೀಗೇ" ಅಂದ. "ನನ್ನ ಸಮಾಧಾನಕ್ಕೆ ಎಷ್ಟು ಚೆನ್ನಾಗಿ ಸುಳ್ಳು ಹೇಳ್ತಿದ್ಲು. ಒಳ್ಳೇ ಮಗಳು ನೀನು."

ಅವಳು ಆಣೆ ಮಾಡಿದಳು. ಬೈಬಲ್ ಮುಟ್ಟಿದಳು. ಕೋಟು ಹೇಗಿತ್ತು, ಎಲ್ಲಿ ನಿಂತ, ಟೋಪಿ ಎತ್ತಿದ, ಎಲ್ಲ ಹೇಳಿದಳು. ಹೇಳಿದಷ್ಟೂ ಅವನು, ಹೌದು ಮಗಳೇ, ಹೌದು ಮಗಳೇ ಅಂತ ಅವಳನ್ನೇ ಸಮಾಧಾನ ಮಾಡಿದ. ಏನು ಮಾಡ್ತೀರಿ? ಅವಳ ಸುಳ್ಳನ್ನ ಒಂದೇ ಮಾತಿಗೆ ನಂಬಿದವನು, ನಿಜವನ್ನ ನಂಬ್ಲಿಲ್ಲ.

ಫೆಬ್ರವರಿಯಲ್ಲಿ ಹೋದ. ನಿದ್ದೆಯಲ್ಲೇ. ಹಿಂದಿನ ದಿನವೂ ಹೊರಗೆ ಹಿಮ ಬೀಳ್ತಿದೆಯಾ ಅಂತ ಮಗಳನ್ನ ಕೇಳಿದ್ದನಂತೆ. ಬೀಳ್ತಿತ್ತು.

ಕೋರಿನ್ ನನಗೆ ಹೇಳಿದ್ದು ಮಾರ್ಚ್‌ನಲ್ಲಿ, ನಮ್ಮ ಅಡುಗೆಮನೇಲಿ, ಇದೇ ಕುರ್ಚಿ ಮೇಲೆ ಕೂತು. ನಾನು ನಂಬಿದೆನಾ? ನಿಜ ಹೇಳ್ತೀನಿ, ಅರ್ಧ. ಇನ್ನರ್ಧ, ಪಾಪ ದುಃಖಕ್ಕೆ ಹೀಗೆ ಕಟ್ಕೊಂಡಿದಾಳೆ ಅಂದ್ಕೊಂಡೆ. ಅವಳಿಗೂ ಅದು ಗೊತ್ತಾಯ್ತು. "ನೋಡು, ನೀನೂ ನನ್ನ ತಲೆ ಸವರ್ತಿದೀಯ" ಅಂದಳು. ಕೈ ಹಿಂದೆ ತಗೊಂಡೆ. ಒಂದು ಮಾತು ಮಾತ್ರ ಹೇಳಬಲ್ಲೆ. ಅವಳ ಜಾಗದಲ್ಲಿ ನಾನಿದ್ದಿದ್ರೂ ಅದೇ ಸುಳ್ಳು ಹೇಳ್ತಿದ್ದೆ. ಆ ಬಸ್ಸಿನಲ್ಲಿ ನನ್ನ ಮೊಮ್ಮಗಳೂ ಇದ್ದಳು.

ಇನ್ನು ನಾನೇ ಕಂಡದ್ದು. ನಮ್ಮಲ್ಲಿ ಚಳಿಗಾಲದಲ್ಲಿ ಸತ್ತವರನ್ನ ಹೂಳೋಕಾಗಲ್ಲ, ನೆಲ ಕಲ್ಲಾಗಿರುತ್ತೆ. ಸ್ಮಶಾನದ ಕಲ್ಲು ಕೋಣೆಯಲ್ಲಿಟ್ಟು, ಹೆಪ್ಪುಗಟ್ಟಿದ ನೆಲ ಸಡಿಲ ಆದ ಮೇಲೆ ಮಣ್ಣು ಮಾಡ್ತೀವಿ. ಹಾಲಿಸ್‌ನ ಮಣ್ಣು ಮಾಡಿದ್ದು ಮೇ ತಿಂಗಳ ಎರಡನೇ ಶನಿವಾರ, ಹಗಲು ಹನ್ನೊಂದು ಗಂಟೆ, ಒಳ್ಳೇ ಬಿಸಿಲು. ಪಾದ್ರಿ ಮುಗಿಸಿದ್ರು. ಜನ ಎಲ್ಲ ಚರ್ಚಿನ ಕೆಳಗಿನ ಹಾಲ್‌ಗೆ ಸ್ಯಾಂಡ್‌ವಿಚ್ಚು ಕಾಫಿಗೆ ಹೊರಟ್ರು. ಉಳಿದದ್ದು ಮೂವರು. ಕೋರಿನ್, ನಾನು, ಗುಂಡಿ ಮುಚ್ಚೋಕೆ ಕಾಯ್ತಿದ್ದ ನನ್ನ ಮೈದುನ ರಾಯ್ಸ್. ಊರಿನ ರಸ್ತೆ ಕೆಲಸ ನೋಡ್ಕೊಳ್ಳೋನೂ ಅವನೇ, ಗುಂಡಿ ತೋಡೋನೂ ಅವನೇ. ನನ್ನ ಮೈದುನ ಅಂತ ಹೇಳ್ತಿಲ್ಲ, ಮೀನು ಹಿಡಿದದ್ದನ್ನೂ ಒಂದು ಅಂಗುಲ ಹೆಚ್ಚಿಸಿ ಹೇಳದ ಒಣ ಮನುಷ್ಯ.

ಕೋರಿನ್ ಕದಲ್ತಿಲ್ಲ. ರಾಯ್ಸ್‌ಗೆ ಏನು ಮಾತಾಡ್ಬೇಕೋ ತಿಳೀದೆ, ಸತ್ತವನ ಬಗ್ಗೆ ಒಂದೊಳ್ಳೇ ಮಾತು ಇರ್ಲಿ ಅಂತ ಶುರು ಮಾಡಿದ.

"ನಿಮ್ಮಪ್ಪ ಇದ್ದಿದ್ರೆ ನಗ್ತಿದ್ರು ಕೋರಿನ್. ಹ್ಯಾಪ್‌ಗುಡ್ ಸೇತುವೆ ಅಂದ್ರೆ ಅವರಿಗೆ ಪ್ರಾಣ. ಹೇಳ್ಬೇಕು ಹೇಳ್ಬೇಕು ಅಂತಿದ್ದೆ, ಕುಡಿದಿದ್ದೆ ಅಂತೀರಿ ಅಂತ ಸುಮ್ಮನಾದೆ. ಹೋದ ನವೆಂಬರ್‌ನಲ್ಲಿ ಒಂದು ಬೆಳಗ್ಗೆ ನೋಡ್ತೀನಿ, ಅದರೊಳಗೆ ಯಾರೋ ಹಿಮ ಹಾಸಿಟ್ಟಿದ್ರು. ಇಷ್ಟು ದಪ್ಪ, ಈ ಕಡೆಯಿಂದ ಆ ಕಡೆವರೆಗೆ, ಸಮಾ ಅಂದ್ರೆ ಸಮಾ. ಹೊರಗೆ ಒಂದು ಚೂರಿಲ್ಲ. ಹೈಸ್ಕೂಲ್ ಹುಡುಗರು ಸ್ಕೇಟಿಂಗ್ ಮೈದಾನದಿಂದ ಐಸ್ ಹೆರೆದು ತಂದು ಹಾಕಿರ್ಬೇಕು ಅಂತ ಬೈಕೊಂಡು ಬಾಚಿ ಹೊಳೆಗೆ ಹಾಕಿದೆ."

ನಾನು ಕೋರಿನ್ ತೋಳು ಹಿಡ್ಕೊಂಡೆ. ಅವಳು ಬಿದ್ದುಬಿಡ್ತಾಳೆ ಅನ್ನಿಸ್ತು.

"ಯಾವ ದಿನ ರಾಯ್ಸ್?" ಅಂದಳು.

"ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೂರನೇ ದಿನ. ಭಾನುವಾರ."

ಅವರು ಸೇತುವೆ ಸುತ್ತೋಕೆ ಹೋದದ್ದು ಅದರ ಹಿಂದಿನ ದಿನ, ಶನಿವಾರ.

"ಕಾರಿನ ಗುರುತಿತ್ತಾ?"

"ಒಂದೇ ಕಾರು. ಮೆಲ್ಲಗೆ ಹೋಗಿತ್ತು, ಒಂಚೂರೂ ಜಾರಿರಲಿಲ್ಲ."

"ಆಮೇಲೆ?"

"ಆಮೇಲೇನು? ನಡುವೆ ಎಡಗಡೆ, ಗೋಡೆ ಹತ್ತಿರ, ಒಂದು ಜೊತೆ ಬೂಟಿನ ಗುರುತು. ಹಿಮ್ಮಡಿ ಹಲಗೆಗೆ ಅಂಟಿತ್ತು, ಬೆರಳು ದಾರಿ ಕಡೆ. ಕಾರಿಗೆ ಜಾಗ ಬಿಟ್ಟು ನಿಂತ ಹಾಗೆ. ಅಲ್ಲಿಗೆ ಬಂದ ಹೆಜ್ಜೆ ಇಲ್ಲ. ಅಲ್ಲಿಂದ ಹೋದ ಹೆಜ್ಜೇನೂ ಇಲ್ಲ. ಹುಡುಗರು ಅದನ್ನ ಹೇಗೆ ಮಾಡಿದ್ರೋ, ನಂಗೆ ಇವತ್ತಿಗೂ ತಿಳೀಲಿಲ್ಲ."

ಕೋರಿನ್ ನನ್ನ ಕೈ ಬಿಡಿಸಿಕೊಂಡಳು. ಗುಂಡಿ ಅಂಚಿನಲ್ಲಿ, ಒದ್ದೆ ಮಣ್ಣಿನ ಮೇಲೆ, ಒಳ್ಳೇ ಕಪ್ಪು ಉಡುಪಿನಲ್ಲೇ ಮಂಡಿಯೂರಿದಳು. ಕೆಳಗೆ ಪೆಟ್ಟಿಗೆ ಕಡೆ ಬಗ್ಗಿ, ಕಿವಿಯಲ್ಲಿ ಹೇಳೋ ಹಾಗೆ ಹೇಳಿದಳು.

"ಇದ್ದ ಅಪ್ಪಾ. ಅಲ್ಲೇ ಇದ್ದ. ರಾಯ್ಸ್‌ನ ಕೇಳು."

ಮತ್ತೆ ಮತ್ತೆ ಅದನ್ನೇ ಹೇಳಿದಳು. ಅವಳನ್ನ ಎಬ್ಬಿಸೋಕೆ ನಾವಿಬ್ಬರೂ ಬೇಕಾಯ್ತು.

ನೀವು ನಂಬಿ, ಬಿಡಿ. ನಾನು ಅಲ್ಲಿದ್ದೆ, ಈ ಕಿವಿಯಲ್ಲಿ ಕೇಳಿದೆ. ರಾಯ್ಸ್ ಇನ್ನೂ ಗಟ್ಟಿಯಾಗಿದಾನೆ, ಬೇಕಿದ್ರೆ ನಾಳೆ ಹೋಗಿ ಕೇಳಿ. ಕೇಳಿದ್ರೆ ಇನ್ನೊಂದು ಹೇಳ್ತಾನೆ, ಕೋರಿನ್ ಎದುರಿಗೆ ಹೇಳದೆ ಇದ್ದದ್ದು. ಆ ಬೆಳಗ್ಗೆ ಮೈಕೊರೆಯೋ ಚಳಿ, ಸೇತುವೆಯೊಳಗಿನ ಹಿಮ ಕಲ್ಲಾಗಿ ಹೋಗಿತ್ತಂತೆ, ಬಾಚೋಕೆ ಹಾರೆ ಬೇಕಾಯ್ತಂತೆ. ಆ ಎರಡು ಬೂಟಿನ ಗುರುತೊಳಗೆ ಮಾತ್ರ ನೀರಿತ್ತಂತೆ. ಕೈಗವಸು ತೆಗೆದು ಬೆರಳು ಅದ್ದಿ ನೋಡಿದನಂತೆ. ಬೆಚ್ಚಗಿತ್ತಂತೆ.